ಹದಿನೆಂಟು ಇಂಚಿನ ಪೆಟ್ಟಿಗೆ

ಆ ಮನೆಯಲ್ಲಿ ಮಾವ ಮಾಡಿದ ವಸ್ತುವಿಗೆ ಯಾರೂ ಟೇಪು ಹಿಡಿಯುತ್ತಿರಲಿಲ್ಲ. ಹಿಡಿಯಬಾರದೆಂದು ಯಾರೂ ಕಟ್ಟಪ್ಪಣೆ ಮಾಡಿರಲಿಲ್ಲ. ಹಾಗೇ ನಡೆದುಕೊಂಡು ಬಂದಿತ್ತು. ಮಾವ ಬಡಗಿ. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಕಪಾಟು, ಬೀರು, ಮಂಚ ಮಾಡುತ್ತಲೇ ತಲೆ ನರೆಸಿಕೊಂಡವರು. ಹಿಂದೊಮ್ಮೆ ಕಪಾಟು ಒಯ್ಯಲು ಬಂದ ಗಿರಾಕಿಯೊಬ್ಬ ಜೇಬಿನಿಂದ ಟೇಪು ತೆಗೆದದ್ದಕ್ಕೆ, ಮುಂಗಡವನ್ನು ಅವನ ಕೈಗೇ ವಾಪಸು ಇಟ್ಟು ದಾರಿ ತೋರಿಸಿದ್ದರು. ಆ ಕಪಾಟು ಈಗ ಅತ್ತೆಯ ಕೋಣೆಯಲ್ಲಿದೆ. ಗಂಡನ ಸಿಟ್ಟಿನಿಂದ ತನಗಾದ ಒಂದೇ ಒಂದು ಲಾಭ ಅದು ಎಂದು ಅತ್ತೆ ಆಗಾಗ ಹೇಳುವುದುಂಟು.

ಸೊಸೆ ಕಾರಿನ ಸ್ಪೀಕರ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕಿವಿ ಚುರುಕು, ಕೈ ಇನ್ನೂ ಚುರುಕು, ನಾಲಿಗೆಯ ವಿಷಯ ಕೇಳಲೇಬೇಡಿ. ಮಾಲೀಕ ಅವಳನ್ನು ವೈರು ಎಳೆಯುವುದಕ್ಕಷ್ಟೇ ಇಟ್ಟುಕೊಂಡಿದ್ದ. ಬಾಸ್, ಅಂದರೆ ಹಾಡಿನ ತಳದ ದಪ್ಪ ಸದ್ದು, ಬೇಕೆಂದು ಬಂದವರಿಗೆಲ್ಲ ಒಂದೇ ಅಚ್ಚಿನ ರೆಡಿಮೇಡ್ ಡಬ್ಬ ತಂದು ಡಿಕ್ಕಿಯಲ್ಲಿಡುವುದು ಅಲ್ಲಿನ ಪದ್ಧತಿ. ಒಂದೊಂದು ಸ್ಪೀಕರಿಗೂ ಅದರದೇ ಅಳತೆಯ ಪೆಟ್ಟಿಗೆ ಬೇಕು, ಪೆಟ್ಟಿಗೆಗೆ ತಕ್ಕ ಪೈಪು ಬೇಕು ಎಂದು ಇವಳು ಹೇಳಿದಾಗಲೆಲ್ಲ, "ಜನಕ್ಕೆ ಧಡ್ ಅಂದ್ರೆ ಸಾಕಮ್ಮ, ನೀನು ವೈರು ನೋಡ್ಕೋ," ಎನ್ನುತ್ತಿದ್ದ. ಹೇಳಿ ಹೇಳಿ ಅವಳಿಗೂ ಸಾಕಾಯಿತು.

"ಅಂಗಡಿ ಬಿಟ್ಟೆ," ಎಂದಳು ಒಂದು ಸಂಜೆ ಊಟಕ್ಕೆ ಕೂತಾಗ, ತಟ್ಟೆಯ ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ.

"ಬಿಟ್ಟೆ ಅಂದ್ರೆ? ನಾಳೆ ರಜಾನಾ?" ಅತ್ತೆ ಕೇಳಿದರು.

"ಪೂರ್ತಿ ಬಿಟ್ಟೆ ಅತ್ತೆ."

ಅತ್ತೆ ಮಗನ ಕಡೆ ತಿರುಗಿದರು. ಅವನು ಲಿಫ್ಟ್ ರಿಪೇರಿಯವನು. ಊರಿನವರನ್ನೆಲ್ಲ ಮೇಲೆ ಕೆಳಗೆ ಮಾಡುವವನು ಮನೆಯಲ್ಲಿ ಮಾತ್ರ ಎರಡು ಮಹಡಿಯ ನಡುವೆ ಸಿಕ್ಕಿಕೊಂಡಿರುತ್ತಿದ್ದ. "ನನಗೆ ಗೊತ್ತಿತ್ತು," ಎಂದ.

"ಯಾವಾಗಿಂದ?"

"ಈಗ ತಾನೇ. ಮೆಟ್ಟಿಲ ಹತ್ರ ಹೇಳಿದಳು."

ಮಾವ ತಟ್ಟೆಯ ಅನ್ನವನ್ನು ಗುಡ್ಡೆ ಮಾಡಿ, ಮತ್ತೆ ಹರಡಿದರು. "ಮುಂದೇನು ಮಾಡ್ತೀಯಮ್ಮ?"

"ಬಾಸ್ ಪೆಟ್ಟಿಗೆ ಮಾಡ್ತೀನಿ ಮಾವ. ನಿಮ್ಮ ಶೆಡ್ಡಲ್ಲಿ ಅರ್ಧ ಜಾಗ ಕೊಡಿ."

ಶೆಡ್ಡಿನಲ್ಲಿ ಅರ್ಧ ಜಾಗ ಖಾಲಿಯೇ ಇತ್ತು. ಜನ ಈಗ ಚಿತ್ರ ನೋಡಿ ಕಪಾಟು ತರಿಸಿಕೊಳ್ಳುತ್ತಾರೆ, ಎರಡು ವರ್ಷಕ್ಕೆ ಅದರ ಬಾಗಿಲು ಜೋತು ಬಿದ್ದರೆ ಇನ್ನೊಂದು ತರಿಸುತ್ತಾರೆ. ಮಾವನಿಗೆ ಇದು ಗೊತ್ತಿತ್ತು, ಆದರೆ ಬಾಯಿ ಬಿಟ್ಟು ಹೇಳಿದವರಿರಲಿಲ್ಲ. ಸೊಸೆ ಜಾಗ ಕೇಳಿದ್ದು ಅವರಿಗೆ ಹೇಳಿದ ಹಾಗೇ ಆಯಿತು, ನೋವೂ ಆಯಿತು.

"ಡಬ್ಬ ಹೊಡೆಯೋದೂ ಒಂದು ಕಸುಬಾ?" ಎಂದರು. "ಅದರಲ್ಲೂ ತೂತಿರೋ ಡಬ್ಬ."

ಸೊಸೆ ಎದ್ದು ಖಾಲಿ ಬಾಟಲಿಯೊಂದನ್ನು ತಂದು ಅದರ ಬಾಯಿಗೆ ಅಡ್ಡವಾಗಿ ಊದಿದಳು. ಬೂಂ ಎಂದಿತು. ಅರ್ಧ ನೀರು ತುಂಬಿ ಮತ್ತೆ ಊದಿದಳು. ಸ್ವರ ಮೇಲೇರಿತು.

"ಹೊಟ್ಟೆ ಚಿಕ್ಕದಾದ್ರೆ ಸ್ವರ ಮೇಲೆ ಹೋಗುತ್ತೆ. ಕತ್ತು ಉದ್ದ ಮಾಡಿದ್ರೆ ಕೆಳಗೆ ಇಳಿಯುತ್ತೆ. ಪೆಟ್ಟಿಗೆ ಅಂದ್ರೆ ಹೊಟ್ಟೆ, ಆ ತೂತಲ್ಲಿ ಕೂರಿಸೋ ಪೈಪು ಕತ್ತು. ಎರಡೂ ಹೊಂದಿದ್ರೆ ಅತಿ ಕೆಳಗಿನ ಸ್ವರವೂ ಸಲೀಸಾಗಿ ಬರುತ್ತೆ. ಇಷ್ಟೇ ಮಾವ ಟ್ಯೂನ್ ಮಾಡೋದು ಅಂದ್ರೆ."

"ಊಟದ ಹೊತ್ತಲ್ಲಿ ಊದಬೇಡ," ಎಂದರು ಅತ್ತೆ.

ಮಾವ ಕೈ ತೊಳೆದು ಬಂದು ತೀರ್ಪು ಹೇಳಿದರು. "ಒಂದು ಪೆಟ್ಟಿಗೆ. ನೀನು ಅಳತೆ ಕೊಡು, ನಾನು ಮಾಡಿಕೊಡ್ತೀನಿ. ಗಿರಾಕಿ ಒಪ್ಪಿದ್ರೆ ಅರ್ಧ ಶೆಡ್ಡು ನಿಂದು. ಒಪ್ಪದಿದ್ರೆ ಮತ್ತೆ ಅಂಗಡಿಗೆ ಹೋಗು. ಆಗಬಹುದಾ?"

"ಆಗಬಹುದು," ಎಂದಳು. ಗಂಡ ಅವಳ ಕಾಲು ತುಳಿದ. ಅವಳು ತಿರುಗಿ ತುಳಿದಳು.

ಗಿರಾಕಿ ಆಗಲೇ ಸಿದ್ಧನಿದ್ದ. ಡ್ರೈವಿಂಗ್ ಶಾಲೆಯ ಮೇಷ್ಟ್ರು. ದಿನವಿಡೀ ಕಲಿಯುವವರ ಪಕ್ಕ ಕೂತು ಬ್ರೇಕು ತುಳಿದು ತುಳಿದು ಅವರ ಬಲಗಾಲು ಎಡಗಾಲಿಗಿಂತ ದಪ್ಪವಾಗಿದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಸಂಜೆ ತಮ್ಮ ಸ್ವಂತ ಕಾರಿನಲ್ಲಿ ಕಿಟಕಿ ಏರಿಸಿ ಒಬ್ಬರೇ ಹಾಡು ಕೇಳುವುದು ಅವರ ಸುಖ. "ನನಗೆ ಎದೆಗೆ ಗುದ್ದೋದು ಬೇಡಮ್ಮ," ಎಂದಿದ್ದರು. "ಗುದ್ದಿಸಿಕೊಳ್ಳೋದು ಹಗಲೆಲ್ಲ ಇದ್ದೇ ಇದೆ. ನನಗೆ ತಳದ ಸ್ವರ ಕೇಳಬೇಕು."

ಸೊಸೆ ಲೆಕ್ಕ ಹಾಕಿ ಹಲಗೆಯ ಚೂರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: ಹದಿನೆಂಟು, ಹದಿನೈದು, ಹದಿಮೂರು. ಹನ್ನೆರಡು ಇಂಚು ಉದ್ದದ ಪೈಪಿಗೆ ಒಂದು ತೂತು, ಸ್ಪೀಕರಿಗೆ ಇನ್ನೊಂದು. ಬರೆದಿಟ್ಟು ಸ್ಪೀಕರ್ ತರಲು ಹೋದಳು. ಬರುವಷ್ಟರಲ್ಲಿ ಮಾವ ಮುಕ್ಕಾಲು ಇಂಚಿನ ಹಲಗೆ ಕೊಯ್ದು, ಅಂಟು ಹಾಕಿ, ಹಿಡಿಕೆ ಬಿಗಿದು, ಮೂಲೆಗಳನ್ನು ಉಜ್ಜಿ ನಯ ಮಾಡಿ ಮುಗಿಸಿದ್ದರು. ಜೋಡಿಸಿದ ಕಡೆ ಕೂದಲೂ ಹೋಗದಷ್ಟು ಬಿಗಿ. ಸೊಸೆ ಅದರ ಮೇಲೆ ಕೈ ಆಡಿಸಿದಳು. ಅಳೆದು ನೋಡುವ ಯೋಚನೆ ಬಂದಿತ್ತೋ ಏನೋ, ಮಾವ ಅಲ್ಲೇ ನಿಂತಿದ್ದರು. ಟೇಪು ಮೊಳೆಯ ಮೇಲೇ ನೇತಾಡುತ್ತಿತ್ತು.

ಮೇಷ್ಟ್ರು ಕಾರು ತಂದರು, ಪೆಟ್ಟಿಗೆ ಡಿಕ್ಕಿಯಲ್ಲಿ ಸಲೀಸಾಗಿ ಕೂತಿತು. ಹಾಡು ಹಾಕಿದ ಕೂಡಲೇ ಶೆಡ್ಡಿನ ತಗಡು ಗದಗದ ಎಂದಿತು. ಮಾವ ಕೂಡ ತಲೆಯಾಡಿಸಿದರು. ಎಲ್ಲರೂ ಅದನ್ನೇ ಗೆಲುವು ಅಂದುಕೊಂಡರು. ಅಂದು ಅತ್ತೆ ಎಲ್ಲರಿಗೂ ಎರಡೆರಡು ಮೊಟ್ಟೆ ಬೇಯಿಸಿದರು.

ಮುಂದಿನ ವಾರ ಮೇಷ್ಟ್ರು ಮತ್ತೆ ಬಂದರು. ಮುಖ ಸಣ್ಣದಾಗಿತ್ತು.

"ಸದ್ದೇನೋ ಬೇಕಾದಷ್ಟಿದೆಯಮ್ಮ. ಆದ್ರೆ ಯಾವ ಹಾಡು ಹಾಕಿದ್ರೂ ಒಂದೇ ಸ್ವರ ಹೇಳುತ್ತೆ. ಹೆಂಡತಿ ಏನು ಕೇಳಿದ್ರೂ ಹೂಂ ಹೂಂ ಅನ್ನೋ ಗಂಡಸಿನ ಥರ. ತಳದ ಸ್ವರ ಬಂದಾಗ ಮಾತ್ರ ಬಾಯೇ ಬಿಡಲ್ಲ."

"ಬಿಟ್ಟು ಹೋಗಿ, ನೋಡ್ತೀನಿ," ಎಂದಳು ಸೊಸೆ. ಕಿವಿ ಬಿಸಿಯಾಗಿತ್ತು. ಬಾಗಿಲಲ್ಲಿ ನಿಂತು ಮಾವ ಎಲ್ಲ ಕೇಳಿಸಿಕೊಂಡಿದ್ದು ಅವಳಿಗೆ ಹೆಚ್ಚು ಚುಚ್ಚಿತು.

"ಎರಡು ವಾರ ನೋಡ್ತೀನಿ," ಎಂದರು ಮೇಷ್ಟ್ರು. "ಆಗದಿದ್ರೆ ಬೇಜಾರಿಲ್ಲ, ರೆಡಿಮೇಡೇ ಹಾಕಿಸಿಕೊಳ್ತೀನಿ."

ಆಮೇಲೆ ಆ ಮನೆಗೆ ನೆಮ್ಮದಿಯಿರಲಿಲ್ಲ. ಸೊಸೆ ಪೆಟ್ಟಿಗೆಯನ್ನು ಶೆಡ್ಡಿನ ಮೂಲೆಯಲ್ಲಿಟ್ಟು, ಮೊಬೈಲಿನಿಂದ ಒಂದೊಂದೇ ಸ್ವರ ಕೊಡುತ್ತ, ಸ್ಪೀಕರಿನ ಮೇಲೆ ಬೆರಳ ತುದಿ ಇಟ್ಟು ಕೂರುತ್ತಿದ್ದಳು. ಪೆಟ್ಟಿಗೆಯ ಸ್ವರ ಯಾವುದೋ ಆ ಸ್ವರಕ್ಕೆ ಸ್ಪೀಕರು ಹೆಚ್ಚುಕಡಿಮೆ ನಿಂತೇ ಬಿಡುತ್ತದೆ, ಕೆಲಸವನ್ನೆಲ್ಲ ಪೈಪಿನ ಗಾಳಿ ಮಾಡುತ್ತದೆ. ಅದು ಸೆಕೆಂಡಿಗೆ ಮೂವತ್ತಮೂರು ಸಲ ಅದುರುವ ಸ್ವರಕ್ಕೆ ನಿಲ್ಲಬೇಕಿತ್ತು. ಮೂವತ್ತೆಂಟಕ್ಕೆ ನಿಲ್ಲುತ್ತಿತ್ತು. ಪೈಪು ಹೊರತೆಗೆದು ಅಳೆದಳು, ಹನ್ನೆರಡು ಇಂಚು ಸರಿಯಾಗಿತ್ತು. ಲೆಕ್ಕ ಮತ್ತೆ ಮಾಡಿದಳು, ಅದೂ ಸರಿಯಾಗಿತ್ತು. ಉಳಿದದ್ದು ಪೆಟ್ಟಿಗೆ ಒಂದೇ. ಅಲ್ಲಿಗೆ ಬಂದಾಗ ಅವಳ ಯೋಚನೆ ನಿಂತುಹೋಗುತ್ತಿತ್ತು. ಹೊರಗಿನವರ ಮುಂದೆ ಬಾಯಿಗೆ ಬೀಗವಿಲ್ಲದ ಹೆಣ್ಣು ಮಾವನ ಟೇಪಿನ ಮುಂದೆ ಹೆದರಿದಳು.

ಆ ಸದ್ದಿಗೆ ಅಡುಗೆಮನೆಯಲ್ಲಿ ತಟ್ಟೆಗಳು ಗಲಗಲ ಎನ್ನುತ್ತಿದ್ದವು. ಅಡುಗೆಗೆ ಕೈ ಜೋಡಿಸುವ ಪಾಳಿ ಗಂಡನಿಗೆ ಬಂತು. ಅವನು ಈರುಳ್ಳಿ ಹೆಚ್ಚಿದರೆ ಒಂದೊಂದು ಚೂರು ಒಂದೊಂದು ಊರಿನದು.

"ನಿನ್ನ ಹೆಂಡತಿ ಸ್ವರ ಹುಡುಕ್ತಾ ಇದ್ದಾಳೆ, ನೀನು ಈರುಳ್ಳಿ ಹುಡುಕ್ತಾ ಇದ್ದೀಯ," ಎಂದರು ಅತ್ತೆ. "ಕೈಯಲ್ಲೇ ಇದೆ ನೋಡು."

ಊಟಕ್ಕೆ ಕೂತಾಗ ಮಾವ, "ಅಂಗಡಿಯವನು ವಾಪಸ್ ತಗೋತಾನಾ?" ಎಂದು ಕೇಳಿದರು.

"ಕೇಳಿಲ್ಲ."

"ಕೇಳಿಟ್ಟುಕೊಳ್ಳೋದು ಒಳ್ಳೇದು. ಮಾತು ಮಾತೇ."

"ಮೇಷ್ಟ್ರು ಇನ್ನೂ ಬೇಡ ಅಂದಿಲ್ಲ ಮಾವ. ಮಾತು ನನಗೂ ಮಾತೇ."

"ಇಬ್ಬರೂ ಅನ್ನ ತಿನ್ನಿ," ಎಂದರು ಅತ್ತೆ. "ಮಾತು ತಣ್ಣಗಾದ್ರೂ ತಿನ್ನಬಹುದು."

ಮರುದಿನ ಮಧ್ಯಾಹ್ನ ಮಾವ ಹಿಡಿಕೆ ತರಲು ಪೇಟೆಗೆ ಹೋಗಿದ್ದರು. ತಟ್ಟೆಗಳ ಸದ್ದಿಗೆ ರೋಸಿ ಅತ್ತೆ ಸೀದಾ ಶೆಡ್ಡಿಗೆ ಬಂದರು.

"ಎಷ್ಟು ಹಿಡಿಯುತ್ತೆ ಇದು?"

"ಏನು ಅತ್ತೆ?"

"ಈ ಪೆಟ್ಟಿಗೆ. ನೀರು ತುಂಬಿದ್ರೆ ಎಷ್ಟು ಹಿಡಿಯುತ್ತೆ?"

"ಐವತ್ತೇಳು ಲೀಟರು."

ಅತ್ತೆ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದು, ಪೈಪಿನ ಬಾಯಿಂದ ಒಳಗೆ ಇಣುಕಿದರು. "ಬಚ್ಚಲಲ್ಲಿರೋ ನೀಲಿ ಡ್ರಮ್ಮು ಐವತ್ತು ಲೀಟರಿಂದು. ಮದುವೆಯಾದಾಗಿನಿಂದ ತುಂಬ್ತಾ ಇದ್ದೀನಿ. ಇದರ ಹೊಟ್ಟೆ ಅದಕ್ಕಿಂತ ಚಿಕ್ಕದು."

"ಇಲ್ಲ ಅತ್ತೆ, ಲೆಕ್ಕದ ಪ್ರಕಾರ—"

"ಲೆಕ್ಕ ನಿಂದು, ಕಣ್ಣು ನಂದು. ಚಿಕ್ಕದು ಅಂದ್ರೆ ಚಿಕ್ಕದು. ಅಳೆದು ನೋಡು."

"ಮಾವ..."

"ಅವರು ಪೇಟೆಯಲ್ಲಿದ್ದಾರೆ. ನಾನು ಬಾಗಿಲಲ್ಲಿ ನಿಂತಿರ್ತೀನಿ."

ಸೊಸೆ ಸ್ಪೀಕರ್ ಬಿಚ್ಚಿ, ಟೇಪು ಹಿಡಿದು ತೂತಿನೊಳಗೆ ಕೈ ಇಳಿಸಿದಳು. ಹದಿನಾರೂವರೆ. ಇನ್ನೊಂದು ಬದಿ ಹದಿಮೂರೂವರೆ. ಹೊರಗಿಂದ ಹಿಡಿದರೆ ಹದಿನೆಂಟು, ಹದಿನೈದು, ಹದಿಮೂರು, ನೂಲಿನಷ್ಟೂ ಹೆಚ್ಚುಕಡಿಮೆಯಿಲ್ಲ. ಹಲಗೆಯ ದಪ್ಪವೆಲ್ಲ ಒಳಗೇ ಹೋಗಿತ್ತು. ಹೊಟ್ಟೆಯ ಕಾಲುಭಾಗವನ್ನೇ ಅದು ತಿಂದುಹಾಕಿತ್ತು. ಅವಳು ಕೈ ಒಳಗಿಟ್ಟುಕೊಂಡೇ ನಕ್ಕಳು. ಹತ್ತು ದಿನದಿಂದ ಬೈದುಕೊಂಡಿದ್ದ ತನ್ನ ಲೆಕ್ಕದ ಮೇಲೆ ಪ್ರೀತಿ ಉಕ್ಕಿ ಬಂತು.

ಅತ್ತೆ ಬಾಗಿಲಲ್ಲಿ ನಿಂತಿದ್ದರು ನಿಜ, ಆದರೆ ನೋಡುತ್ತಿದ್ದದ್ದು ಒಳಗೆ. ಮಾವ ಅವರ ಹಿಂದೆಯೇ ಬಂದು ನಿಂತಿದ್ದರು.

"ನನ್ನ ಪೆಟ್ಟಿಗೆಗೆ ಟೇಪು ಹಿಡಿದ್ಯಾ?"

ಸೊಸೆ ಕೈ ಹೊರತೆಗೆದಳು. ಟೇಪನ್ನು ಬಚ್ಚಿಡಲಿಲ್ಲ. "ಹಿಡಿದೆ ಮಾವ. ಒಳಗೆ ಹದಿನಾರೂವರೆ ಇದೆ."

"ಹದಿನೆಂಟು ಅಂತ ನೀನು ಬರೆದಿದ್ದೆ. ಹದಿನೆಂಟೇ ಇದೆ."

"ಹೊರಗೆ ಇದೆ. ನನಗೆ ಒಳಗೆ ಬೇಕಿತ್ತು."

"ಒಳಗೆ ಅಂತ ಬರೆದಿದ್ಯಾ?"

"ಇಲ್ಲ."

"ಮತ್ತೆ? ಕಪಾಟನ್ನ ಯಾರಾದರೂ ಒಳಗಿಂದ ಅಳೀತಾರಾ? ಗೋಡೆಗೆ ಕೂರಬೇಕಾದ್ದು ಹೊರಮೈ. ಹೊರಗಿಂದ ಅಳತೆ ಹಿಡಿದು ಹಿಡಿದು ನನ್ನ ಕೈ ಸವೆದಿದೆ."

"ಇದು ಕಪಾಟಲ್ಲ ಮಾವ. ಇದರಲ್ಲಿ ಕೆಲಸ ಮಾಡೋದು ಗಾಳಿ. ಗಾಳಿ ಇರೋದು ಒಳಗೆ."

"ನೋಡ್ರೀ," ಎಂದರು ಅತ್ತೆ, "ಪಾತ್ರೆ ತಗೊಳ್ಳುವಾಗ ನಾನೂ ಎಷ್ಟು ಹಿಡಿಯುತ್ತೆ ಅಂತಾನೇ ಕೇಳೋದು."

"ನೀನು ಸುಮ್ಮನಿರು. ನಿನ್ನ ಕಾವಲೇ ಇದಕ್ಕೆಲ್ಲ ಕಾರಣ." ಮಾವನ ಮುಖ ಕೆಂಪಾಗಿತ್ತು. ಅವಮಾನವೇ ಅದು, ಬೇರೇನಲ್ಲ. ಸುತ್ತಿಗೆ ಕೈಗೆತ್ತಿಕೊಂಡರು. "ಮುರಿದು ಹಾಕ್ತೀನಿ. ತಪ್ಪು ಅಳತೆ ಪೆಟ್ಟಿಗೆ ನನ್ನ ಶೆಡ್ಡಲ್ಲಿ ಇರಬಾರದು."

ಸೊಸೆ ಪೆಟ್ಟಿಗೆಗೆ ಅಡ್ಡ ನಿಂತಳು. "ಇದನ್ನ ಮುಟ್ಟಬೇಡಿ. ಅಂಗಡಿಯಲ್ಲಿ ಇದ್ದಷ್ಟು ದಿನ ಇಷ್ಟು ಬಿಗಿ ಪೆಟ್ಟಿಗೆ ನಾನು ಕಂಡಿಲ್ಲ. ಎಲ್ಲೂ ಗಾಳಿ ಸೋರಲ್ಲ, ಎಲ್ಲೂ ಅದುರಲ್ಲ. ಹೊಟ್ಟೆ ಚಿಕ್ಕದಾದ್ರೆ ಏನಾಯ್ತು? ಕತ್ತು ಉದ್ದ ಮಾಡ್ತೀನಿ."

ಮಾವ ಸುತ್ತಿಗೆಯನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟು ಮನೆಯೊಳಗೆ ಹೋದರು. ಮೂರು ದಿನ ಸೊಸೆಯೊಡನೆ ಮಾತಾಡಲಿಲ್ಲ. ಉಪ್ಪು ಬೇಕಾದರೆ ಮಗನಿಗೆ ಹೇಳಿ ತರಿಸಿಕೊಂಡರು. ಉಪ್ಪಿನ ಡಬ್ಬಿ ಸೊಸೆಯ ಮುಂದೆಯೇ ಇರುತ್ತಿತ್ತು, ಅವಳು ಅದನ್ನು ಗಂಡನಿಗೆ ಕೊಡುತ್ತಿದ್ದಳು, ಅವನು ಅಪ್ಪನಿಗೆ ದಾಟಿಸುತ್ತಿದ್ದ.

"ನನ್ನ ಲಿಫ್ಟೇ ವಾಸಿ," ಎಂದ. "ಗುಂಡಿ ಒತ್ತಿದ್ರೆ ಬರುತ್ತೆ."

ಉದ್ದದ ಪೈಪಿಗೆ ಪೆಟ್ಟಿಗೆಯೊಳಗೆ ಜಾಗ ಸಾಲುತ್ತಿರಲಿಲ್ಲ. ಹದಿನೇಳೂವರೆ ಇಂಚಿನ ಪೈಪು ಹದಿನಾರೂವರೆಯಲ್ಲಿ ಹಿಡಿಯುವುದು ಹೇಗೆ? ಸೊಸೆ ನಲ್ಲಿ ಸಾಮಾನಿನ ಅಂಗಡಿಯಿಂದ ಒಂದು ಮೊಣಕೈ ಪೈಪು ತಂದು, ಕತ್ತನ್ನು ಒಳಗೇ ಬಗ್ಗಿಸಿದಳು. ಪೈಪಿನ ಕೊನೆ ಹಲಗೆಗೆ ತೀರ ಹತ್ತಿರ ಬಂದರೆ ಗಾಳಿ ಕಟ್ಟುತ್ತದೆ. ನಡುವೆ ಸಾಕಷ್ಟು ಜಾಗ ಬಿಡಲು ನಾಲ್ಕು ಸಲ ಕತ್ತರಿಸಿ ಜೋಡಿಸಿದಳು. ಆದರೆ ಬಗ್ಗಿದ ಪೈಪು ಜೋರು ಸದ್ದಿಗೆ ಒಳಗೆ ಅಲ್ಲಾಡಿ ಕಟಕಟ ಎನ್ನತೊಡಗಿತು. ಹಗ್ಗ ಕಟ್ಟಿದಳು, ಸ್ಪಂಜು ತುರುಕಿದಳು. ಕಟಕಟ ಹೋಗಲಿಲ್ಲ.

ಮಾವ ಬೆನ್ನು ತಿರುಗಿಸಿಕೊಂಡು ಯಾರದೋ ಸ್ಟೂಲಿಗೆ ಕಾಲು ಕೂರಿಸುತ್ತಿದ್ದರು. ಸುಮಾರು ಹೊತ್ತು ತಡೆದುಕೊಂಡರು. ಕೊನೆಗೆ ಅವರ ಕಿವಿಯೇ ಸೋತಿತು.

"ಹಗ್ಗ ಕಟ್ಟಿದ್ರೆ ನಿಲ್ಲುತ್ತೇನಮ್ಮ ಅದು? ಪೈಪಿನ ಸುತ್ತಳತೆ ಎಷ್ಟು?"

ಅವಳು ಹೇಳಿದಳು. ಅವರು ಹಲಗೆಯ ಚೂರೊಂದರಲ್ಲಿ ಅರ್ಧಚಂದ್ರ ಕೊಯ್ದು, ಒಳಗೆ ಕೈ ತೂರಿಸಿ, ಪೈಪನ್ನು ಅದರ ಮೇಲೆ ಕೂರಿಸಿ ಬಿಗಿದರು. ಮೂರು ದಿನದ ಮೌನ ಅಲ್ಲಿಗೆ ಮುಗಿಯಿತು. ಇಬ್ಬರಲ್ಲಿ ಯಾರೂ ಅದರ ಬಗ್ಗೆ ಮಾತೆತ್ತಲಿಲ್ಲ.

ಸಂಜೆ ಗಂಡ ಬಂದಾಗ ಸೊಸೆ ಅವನ ಬೆರಳನ್ನು ಸ್ಪೀಕರಿನ ಮೇಲಿಟ್ಟು ಮೂವತ್ತಮೂರರ ಸ್ವರ ಕೊಟ್ಟಳು.

"ಅಲ್ಲಾಡ್ತಾನೇ ಇಲ್ಲ," ಎಂದ ಅವನು ಗಾಬರಿಯಿಂದ. "ಕೆಟ್ಟು ಹೋಯ್ತಾ?"

"ಕೈ ಇಲ್ಲಿ ಇಡಿ." ಅವಳು ಅವನ ಅಂಗೈಯನ್ನು ಪೈಪಿನ ಬಾಯಿಗೆ ಒಯ್ದಳು. ಗಾಳಿ ಬುಸುಬುಸು ಎಂದು ಹೊಡೆಯುತ್ತಿತ್ತು. ಮಾವ ದೂರದಿಂದ ನೋಡಿದರು, ಆಮೇಲೆ ತಾವೂ ಬಂದು ಕೈ ಒಡ್ಡಿದರು. ಅತ್ತೆ ಅಡುಗೆಮನೆಯಿಂದ ಕೂಗಿ ಹೇಳಿದರು, "ಇವತ್ತು ತಟ್ಟೆಗಳು ಗಲಗಲ ಅಂತಿಲ್ಲ. ಏನಾದ್ರೂ ಸರಿ ಮಾಡಿದ್ರಾ, ಇಲ್ಲ ಕರೆಂಟು ಹೋಯ್ತಾ?"

ಭಾನುವಾರ ಮೇಷ್ಟ್ರು ಬಂದರು. ಸೊಸೆ ಪೆಟ್ಟಿಗೆ ಕೂರಿಸಿ, ವೈರು ಜೋಡಿಸಿ, "ನಿಮಗೆ ಬೇಕಾದ ಹಾಡೇ ಹಾಕಿ," ಎಂದು ಕಾರಿನ ಬಾಗಿಲು ಮುಚ್ಚಿದಳು. ಕಿಟಕಿ ಮೇಲೇರಿತು. ಹೊರಗೆ ನಿಂತವರಿಗೆ ಹಾಡು ಸರಿಯಾಗಿ ಕೇಳಿಸಲಿಲ್ಲ, ಮೇಷ್ಟ್ರ ತಲೆಯ ಹಿಂಭಾಗ ಮಾತ್ರ ಕಾಣುತ್ತಿತ್ತು. ಒಂದು ಹಾಡು ಮುಗಿಯಿತು, ಇನ್ನೊಂದೂ ಮುಗಿಯಿತು. ಗಂಡ ಉಗುರು ಕಚ್ಚತೊಡಗಿದ. ಸೊಸೆ ಕೈಕಟ್ಟಿ ನೆಟ್ಟಗೆ ನಿಂತಿದ್ದಳು. ಪೆಟ್ಟಿಗೆ ಏನು ಹೇಳುತ್ತಿದೆ ಎಂಬುದು ಅವಳಿಗೆ ಕೇಳದೆಯೇ ಗೊತ್ತಿತ್ತು.

ಮೇಷ್ಟ್ರು ಇಳಿದು ಬಂದರು. ಕಣ್ಣು ಸ್ವಲ್ಪ ಒದ್ದೆಯಾಗಿತ್ತು. "ಈ ಹಾಡನ್ನ ಹುಡುಗನಾಗಿದ್ದಾಗಿನಿಂದ ಕೇಳ್ತಿದ್ದೀನಿ," ಎಂದರು. "ಇದರಲ್ಲಿ ಕೆಳಗೆ ಇನ್ನೊಬ್ಬರು ನುಡಿಸ್ತಾ ಇದ್ದಾರೆ ಅಂತ ಇವತ್ತು ಗೊತ್ತಾಯ್ತು." ಆಮೇಲೆ ಸೊಸೆಯ ಕಡೆ ತಿರುಗಿ, "ಮೊದಲು ಯಾಕೆ ಹಾಗಿತ್ತಮ್ಮ? ಏನು ತಪ್ಪಾಗಿತ್ತು?" ಎಂದರು.

"ಅಳತೆಯಲ್ಲಿ ಒಂಚೂರು ಹೆಚ್ಚುಕಡಿಮೆ ಆಗಿತ್ತು. ನಾನೇ ಸರಿಯಾಗಿ ಬರೆದಿರಲಿಲ್ಲ."

"ಬರೆದದ್ದು ಸರಿಯಾಗೇ ಇತ್ತು," ಎಂದರು ಮಾವ. ಬಾಗಿಲ ಚೌಕಟ್ಟಿಗೆ ಒರಗಿದ್ದವರು ಈಚೆಗೆ ಬಂದರು. "ಅಳತೆ ತಪ್ಪಿದ್ದು ನಾನು ಮೇಷ್ಟ್ರೆ. ಒಳಗೋ ಹೊರಗೋ ಅಂತ ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಇವಳು ಸರಿ ಮಾಡಿದಳು."

ಅತ್ತೆ ಒಣಗಲು ಹಾಕುತ್ತಿದ್ದ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟರು. ಈ ಬಾಯಿಂದ ಇಂಥ ಮಾತು ಅವರು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಮೇಷ್ಟ್ರು ಮಾತ್ರ ಇದೊಂದೂ ತಿಳಿಯದೆ, ತಮ್ಮ ತಮ್ಮನಿಗೂ ಒಂದು ಪೆಟ್ಟಿಗೆ ಬೇಕು, ಅವನನ್ನು ಕಳಿಸುತ್ತೇನೆ ಎಂದು ಹೇಳಿ ಕಾರು ಹತ್ತಿದರು.

ಅಂದು ಊಟದ ಹೊತ್ತಿಗೆ ಮಾವ, "ಅರ್ಧ ಶೆಡ್ಡು ನಿಂದು," ಎಂದರು. "ಹಿಂದಿನ ಅರ್ಧ. ಕಿಟಕಿ ಇದೆ, ಗಾಳಿ ಬರುತ್ತೆ."

ಅತ್ತೆಗೆ ಸಮಾಧಾನವಾಯಿತು. ಸೊಸೆಗೆ ಆಗಲಿಲ್ಲ. "ಹಿಂದಿನದು ಬೇಡ ಮಾವ. ರಸ್ತೆ ಕಡೆಯದು ಬೇಕು."

ಗಂಡ ಮೇಜಿನ ಕೆಳಗೆ ಅವಳ ಕಾಲು ಹುಡುಕಿದ. ಅವಳು ಆಗಲೇ ಮಡಚಿಟ್ಟುಕೊಂಡಿದ್ದಳು.

"ರಸ್ತೆ ಕಡೆ ನನ್ನ ಮೇಜಿದೆ," ಎಂದರು ಮಾವ. "ಹೋಗೋ ಬರೋರು ನನ್ನ ಕೆಲಸ ನೋಡ್ತಾರೆ."

"ನಿಮ್ಮನ್ನ ಜನ ಹುಡುಕಿಕೊಂಡು ಒಳಗೆ ಬರ್ತಾರೆ ಮಾವ. ಕಾರು ಬರಲ್ಲ."

"ಕೊಟ್ಟದ್ದು ಸಾಲಲ್ವಾ ನಿನಗೆ?" ಎಂದರು ಅತ್ತೆ.

"ಕೊಟ್ಟದ್ದರಲ್ಲಿ ಕೆಲಸ ಆಗಬೇಕಲ್ಲ ಅತ್ತೆ."

ಮಾವ ಮೊಸರು ಹಾಕಿಸಿಕೊಂಡು, ಕಲಸಿ, ತಿಂದು ಎದ್ದರು. ಅತಿಯಾಯಿತೇನೋ ಎಂದು ಸೊಸೆಗೂ ಅನ್ನಿಸಿತು, ಆದರೂ ಆಡಿದ ಮಾತನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬೆಳಗ್ಗೆ ಚಹಾ ಲೋಟ ಹಿಡಿದು ಶೆಡ್ಡಿಗೆ ಹೋದಾಗ ಮಾವ ಗೊಣಗುತ್ತ ತಮ್ಮ ಮೇಜನ್ನು ಒಂದೊಂದೇ ಕಾಲು ಎಳೆದು ಹಿಂದಕ್ಕೆ ಸರಿಸುತ್ತಿದ್ದರು. ಉಳಿ, ಗರಗಸ ಎಲ್ಲ ಆಗಲೇ ಹಿಂದಿನ ಗೋಡೆಗೆ ಹೋಗಿದ್ದವು. ರಸ್ತೆಯ ಕಡೆಯ ನೆಲವನ್ನು ಗುಡಿಸಿದ್ದರು. ಸೊಸೆ ಲೋಟ ಕೆಳಗಿಟ್ಟು ಆ ಜಾಗವನ್ನು ನೋಡಿದಳು. ಮೇಜು ಅರ್ಧ ದಾಟಿ ಬಹಳ ಹಿಂದೆ ಹೋಗಿತ್ತು. ಇನ್ನೂ ಹೋಗುತ್ತಿತ್ತು.

"ಮಾವ, ಸಾಕು. ಅರ್ಧಕ್ಕಿಂತ ಜಾಸ್ತಿ ಬಿಟ್ಟಿದ್ದೀರಿ. ನಿಮಗೇ ಇಕ್ಕಟ್ಟಾಗುತ್ತೆ."

ಮಾವ ಬೆವರು ಒರೆಸಿಕೊಂಡರು.

"ಕಾರು ಒಳಗೆ ಬಂದ ಮೇಲೆ ಅದರ ಡಿಕ್ಕಿ ತೆಗೀಬೇಕಲ್ಲಮ್ಮ," ಎಂದರು. "ತೆಗೆದ ಮೇಲೆ ಅಲ್ಲಿ ನೀನು ನಿಲ್ಲಬೇಕಲ್ಲ. ಆ ಕಡೆ ಹಿಡಿ."

ಅವಳು ಮೇಜಿನ ಇನ್ನೊಂದು ತುದಿ ಹಿಡಿದಳು.